ಕಲ್ಯಾಣಿ ಅಕ್ಕನ ಕೈಗಡಿಯಾರ

ಶೀನಣ್ಣ ಮಾತಾಡುತ್ತಿದ್ದುದೇ ಪಿಸುದನಿಯಲ್ಲಿ. ಸೂಕ್ ವಾಕಿಫ್ ಪೇಟೆಯಲ್ಲಿ ಏಲಕ್ಕಿಯ ದರ ಕೇಳುವಾಗಲೂ ಅಂಗಡಿಯವನ ಕಿವಿಯ ಹತ್ತಿರ ಬಾಗಿ ಕೇಳುತ್ತಿದ್ದರು. ಅವನು ಇವರೇನೋ ಕದ್ದ ಮಾಲಿನ ವಿಚಾರ ತೆಗೆದಿದ್ದಾರೆಂದು ಗಾಬರಿಯಾಗಿ ಅತ್ತಿತ್ತ ನೋಡುತ್ತಿದ್ದ. ಗೊತ್ತಿಲ್ಲದವರು ಪಾಪ, ಗಂಟಲಿಗೆ ಏನೋ ಆಗಿದೆ ಎಂದುಕೊಳ್ಳುತ್ತಿದ್ದರು. ಗಂಟಲಿಗೆ ಏನೂ ಆಗಿರಲಿಲ್ಲ. ದೋಹಾದಲ್ಲಿದ್ದ ನಮ್ಮ ಕರಾವಳಿಯವರ ಪೈಕಿ ಅವರಷ್ಟು ಒಳ್ಳೆಯ ಗಂಟಲು ಇನ್ನೊಬ್ಬರಿಗಿರಲಿಲ್ಲ. ಆ ದನಿಯನ್ನು ದಿನಾ ಕೇಳಿ ನಗುವವರು ನೂರಾರು ಜನ ಇದ್ದರು. ಅದು ಯಾರ ದನಿ ಎಂದು ತಿಳಿದಿದ್ದದ್ದು ಮಾತ್ರ ಶೀನಣ್ಣನ ಹೆಂಡತಿ ಸುಮತಿ ಅಕ್ಕನಿಗೆ, ನನ್ನ ಭಾವನಿಗೆ, ನನಗೆ.

ದೋಹಾದ ಅಲ್ ಹಿಲಾಲ್ ಬಡಾವಣೆಯಲ್ಲಿ ಭಾವ ಒಂದು ಸಣ್ಣ ಹೋಟೆಲ್ ನಡೆಸುತ್ತಿದ್ದರು. ಕುಚ್ಚಲಕ್ಕಿ ಅನ್ನ, ಮೀನು ಸಾರು, ನೀರುದೋಸೆ. ನಾನು ಅಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದೆ, ಬಡಿಸುವ ಜನ ಕಡಿಮೆ ಬಿದ್ದಾಗ ಬಡಿಸುತ್ತಲೂ ಇದ್ದೆ. ಶುರುವಿನಲ್ಲಿ ಬಡಿಸುವ ಜನ ಕಡಿಮೆ ಬೀಳುವ ಪ್ರಸಂಗವೇ ಬರುತ್ತಿರಲಿಲ್ಲ, ಉಣ್ಣುವ ಜನ ಕಡಿಮೆ ಬೀಳುತ್ತಿದ್ದರು. ಭಾವ ಬಣ್ಣದ ಚೀಟಿ ಅಚ್ಚು ಹಾಕಿಸಿ ಕಾರುಗಳ ವೈಪರಿಗೆ ಸಿಕ್ಕಿಸಿ ನೋಡಿದರು. ದೋಹಾದ ಗಾಳಿ ಅವನ್ನೆಲ್ಲ ಒಯ್ದು ಎದುರಿನ ಲಾಂಡ್ರಿಯ ಬಾಗಿಲಿಗೆ ಒಟ್ಟಿತು. ಲಾಂಡ್ರಿಯವ ಬಂದು ಜಗಳ ಮಾಡಿ ಹೋದದ್ದೊಂದೇ ಲಾಭ.

ಹೋಟೆಲಿನ ಹಿಂದಿನ ಕಟ್ಟಡದಲ್ಲೇ ಶೀನಣ್ಣನ ಮನೆ. ಅವರು ಒಂದು ದೊಡ್ಡ ಕಂಪೆನಿಯಲ್ಲಿ ಸ್ಟೋರ್ ಕೀಪರ್. ಒಂದು ಶುಕ್ರವಾರ ಊಟ ಮುಗಿಸಿ ಕೈ ತೊಳೆದು ಬಂದವರು ಗಲ್ಲಾದ ಮೇಲೆ ಬಾಗಿ ಮೆಲ್ಲಗೆ ಹೇಳಿದರು.

"ಚೀಟಿ ಹಂಚಿದ್ರೆ ಆಗ್ಲಿಕ್ಕಿಲ್ಲ ಹರೀಶ. ಊರಲ್ಲಿ ಆಟದ ಮೈಕಿನ ಜೀಪು ಬರ್ತಿತ್ತಲ್ಲ, ನೆನಪುಂಟಾ? ಚೀಟಿ ಯಾರು ಓದ್ತಿದ್ರು? ಜೀಪಿನ ಹಿಂದೆ ಮಕ್ಕಳು ಓಡ್ತಿದ್ರಲ್ವಾ, ಮನೆಗೆ ಬಂದು ಹಟ ಮಾಡ್ತಿದ್ರಲ್ವಾ, ಅದರಿಂದ ಡೇರೆ ತುಂಬ್ತಿದ್ದದ್ದು."

"ನಿಮಗೆ ಹೇಗೆ ಗೊತ್ತು ಶೀನಣ್ಣ?"

"ಜೀಪಿನ ಒಳಗೆ ಕೂತು ಕೂಗ್ತಾ ಇದ್ದದ್ದು ನಾನೇ ಮಾರಾಯ."

ಪ್ರಾಯದಲ್ಲಿ ಅವರು ಡೇರೆ ಮೇಳದ ಯಕ್ಷಗಾನಕ್ಕೆ ಪ್ರಚಾರ ಮಾಡುತ್ತಿದ್ದವರು. ಎದುರಿಗಿದ್ದ ಈ ಮೆಲುಮಾತಿನ ಮನುಷ್ಯ ಜೀಪಿನಲ್ಲಿ ಕೂತು ಊರಿಡೀ ಕೇಳುವ ಹಾಗೆ ಕೂಗಿದ್ದಾರೆಂದರೆ ನಾನು ನಂಬಲಿಲ್ಲ. ಆಮೇಲೆ ಅವರು ಮಾಡಿ ತೋರಿಸಿದ್ದು ನೋಡಿ ನಂಬಿದೆ.

ಅವರು ಸೃಷ್ಟಿಸಿದ್ದು ಕಲ್ಯಾಣಿ ಅಕ್ಕನನ್ನು. ಕಲ್ಯಾಣಿ ಅಕ್ಕ ಊರಲ್ಲಿರುವ ಹೆಂಗಸು, ಗಂಡ ದೋಹಾದಲ್ಲಿ. ಅವಳು ಫೋನ್ ಮಾಡುತ್ತಾಳೆ. "ಊಟ ಆಯ್ತಾ?" ಗಂಡ "ಆಯ್ತು" ಎಂದು ಸುಳ್ಳು ಹೇಳುತ್ತಾನೆ. "ಎಂತ ಊಟ?" ಅಲ್ಲಿಗೆ ಅವನ ಬಣ್ಣ ಬಯಲಾಗುತ್ತದೆ. ಆಮೇಲೆ ಅವಳು ತಾನು ಆ ಹೊತ್ತು ಮಾಡಿದ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿಯನ್ನು ಕೊತ್ತಂಬರಿ ಹುರಿಯುವಲ್ಲಿಂದ ಶುರು ಮಾಡಿ ವರ್ಣಿಸುತ್ತಾಳೆ, ನಡುವೆ ನೆರೆಮನೆಯವರ ಸುದ್ದಿ, ಅತ್ತೆಯ ದೂರು, ಎಮ್ಮೆಯ ಅನಾರೋಗ್ಯ. ಗಂಡನ ದನಿಯೂ ಶೀನಣ್ಣನದೇ, ಹೆಂಡತಿಯದೂ ಅವರದೇ, ಹಿಂದೆ ಕೆಮ್ಮುವ ಅತ್ತೆಯೂ ಅವರೇ. ಭಾವನ ಕಂಪ್ಯೂಟರಿನಲ್ಲಿ ಸಿಡಿಗಳಿಗೆ ಇಳಿಸಿ ಕಂಪೆನಿ ಬಸ್ಸುಗಳ ಡ್ರೈವರುಗಳಿಗೆ ಪುಕ್ಕಟೆ ಕೊಡುತ್ತಿದ್ದೆವು. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ, ಸಂಜೆ ಬರುವಾಗ ಬಸ್ಸಿನಲ್ಲಿ ಕಲ್ಯಾಣಿ ಅಕ್ಕ.

"ಹೋಟೆಲಿನ ಹೆಸರು ಒಂದೇ ಸಲ, ಅದೂ ಕೊನೆಗೆ," ಎಂದು ಅವರು ಭಾವನಿಗೆ ಕಡ್ಡಿ ಮುರಿದ ಹಾಗೆ ಹೇಳಿದ್ದರು. "ಎರಡನೇ ಸಲ ಹೇಳಿದ್ರೆ ಇದು ವ್ಯಾಪಾರದ್ದು ಅಂತ ಬಂದ್ ಮಾಡ್ತಾರೆ. ಹಸಿವು ನಾನು ಮಾಡಿಸ್ತೇನೆ, ಊಟ ನೀವು ಹಾಕಿ."

ಹಸಿವು ಮಾಡಿಸಿದರು ನಿಜ. ಶುಕ್ರವಾರ ನಮಾಜು ಮುಗಿದು ಅಂಗಡಿಗಳ ಬಾಗಿಲು ತೆಗೆಯುವ ಹೊತ್ತಿಗೆ ನಮ್ಮಲ್ಲಿ ಜನ ಗೋಡೆಗೆ ಒರಗಿ ಕಾಯುತ್ತಿದ್ದರು. ಕೂತವರು ಬಾಯಿತುಂಬ "ಪುಳಿಮುಂಚಿ, ಕಲ್ಯಾಣಿ ಅಕ್ಕ ಮಾಡಿದ ಹಾಗೆ" ಎನ್ನುತ್ತಿದ್ದರು. ಶೀನಣ್ಣ ಮೂಲೆಯ ಟೇಬಲಿನಲ್ಲಿ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಅವರ ಕಿವಿ ಕೆಂಪಗಾದದ್ದು ನನಗೆ ಗಲ್ಲಾದಿಂದಲೇ ಕಾಣುತ್ತಿತ್ತು. ದನಿಯ ಗುರುತು ಸಿಕ್ಕೀತೆಂದು ಅವರು ಎಲ್ಲರ ಹತ್ತಿರವೂ ಪಿಸುಗುಟ್ಟತೊಡಗಿದ್ದು ಆಗಿನಿಂದ.

ಇಷ್ಟಕ್ಕೆ ಯಾಕೆ ಹೆದರಬೇಕಿತ್ತು ಎಂದು ಆ ದೇಶದಲ್ಲಿ ಬದುಕದವರು ಕೇಳಬಹುದು. ಅಲ್ಲಿ ನಮ್ಮ ವೀಸಾ ಯಾವ ಕಂಪೆನಿಯದೋ ಆ ಕಂಪೆನಿಯ ಕೆಲಸವನ್ನು ಮಾತ್ರ ಮಾಡಬೇಕು. ಇನ್ನೊಬ್ಬರ ಅಂಗಡಿಯಲ್ಲಿ ಪುಕ್ಕಟೆಯಾಗಿ ತಕ್ಕಡಿ ಹಿಡಿದರೂ ತಪ್ಪೇ. ಸಿಕ್ಕಿಬಿದ್ದರೆ ವೀಸಾ ಖಲಾಸ್, ಅದರ ಬಾಲ ಹಿಡಿದು ಬಂದ ಹೆಂಡತಿ ಮಕ್ಕಳದ್ದೂ ಖಲಾಸ್. ಶೀನಣ್ಣನ ಮಗಳು ಪ್ರಜ್ಞಾ ಅಲ್ಲಿಯೇ ಹುಟ್ಟಿದವಳು, ಒಂಬತ್ತನೇ ಕ್ಲಾಸಿನಲ್ಲಿದ್ದಳು. ಸುಮತಿ ಅಕ್ಕ ಸುತ್ತಲಿನ ಮಕ್ಕಳಿಗೆ ಹಾಡು ಹೇಳಿಕೊಟ್ಟುಕೊಂಡು ಸುಖವಾಗಿದ್ದರು. ಮೂರು ಜನರ ಸಂಸಾರ ಶೀನಣ್ಣನ ಗಂಟಲಿನ ಮೇಲೆ ನಿಂತಿತ್ತು.

"ಹಾಗಾದ್ರೆ ಬಿಟ್ಟುಬಿಡಿ ಶೀನಣ್ಣ," ಎಂದು ನಾನೇ ಒಮ್ಮೆ ಹೇಳಿದ್ದೆ.

"ಬೆಳಗ್ಗಿಂದ ಸಂಜೆ ತನಕ ಸ್ಟೋರಿನಲ್ಲಿ ವಾಲ್ವು ಎಣಿಸ್ತೇನೆ ಹರೀಶ. ಯೆಸ್ ಸರ್, ನೋ ಸರ್, ಬಿಟ್ರೆ ಬಾಯಿಗೆ ಕೆಲಸ ಇಲ್ಲ. ಕಲ್ಯಾಣಿ ಇಲ್ಲದಿದ್ರೆ ನಾನು ಮೂಕ ಆಗ್ತೇನೆ." ಇದನ್ನೂ ಪಿಸುಗುಟ್ಟಿಯೇ ಹೇಳಿದರು. ನನಗೆ ಅವರ ಮೇಲೆ ಆ ದಿನ ಹುಟ್ಟಿದ ಪ್ರೀತಿ ಇವತ್ತಿಗೂ ಹಾಗೇ ಇದೆ.

ರೆಕಾರ್ಡಿಂಗ್ ಮಾಡುತ್ತಿದ್ದದ್ದು ಅವರ ಹಳೆಯ ಕಾರಿನಲ್ಲಿ. ಮನೆಯಲ್ಲಿ ಗೋಡೆಗೆ ಕಿವಿ ಇರುತ್ತದೆಂದು ಭಯ. ಶುಕ್ರವಾರ ಬೆಳಿಗ್ಗೆ ದೋಹಾದ ಹೊರಗಿನ ಅಲ್ ವುಕೈರ್ ಕಡೆಗೆ ಹೋಗುತ್ತಿದ್ದೆವು. ಆಗಿನ್ನೂ ಅಲ್ಲಿ ಈಗಿನಷ್ಟು ಕಟ್ಟಡಗಳು ಎದ್ದಿರಲಿಲ್ಲ, ಬಯಲು ಬೇಕಾದಷ್ಟಿತ್ತು. ಕಾರಿನ ಗಾಜು ಏರಿಸಿ, ಸದ್ದು ಬರಬಾರದೆಂದು ಏಸಿ ಬಂದ್ ಮಾಡಿ, ತಲೆಯ ಮೇಲೆ ದಪ್ಪ ಕಂಬಳಿ ಹೊದ್ದು, ಅದರೊಳಗೆ ಮೈಕ್ ಹಿಡಿದು ಅವರು ಶುರು ಮಾಡುತ್ತಿದ್ದರು. ಕಂಬಳಿಯೊಳಗಿಂದ ಬರುವ ಆ ಹೆಣ್ಣುದನಿ ಕೇಳಿ ಪಕ್ಕದಲ್ಲಿ ಕೂತ ನನಗೇ ಯಾರೋ ಹೆಂಗಸು ಕಾರಿನಲ್ಲಿದ್ದಾಳೆ ಎನಿಸುತ್ತಿತ್ತು. ಮುಗಿಯುವಾಗ ಇಬ್ಬರೂ ಬೆವರಿನಲ್ಲಿ ಮಿಂದಿರುತ್ತಿದ್ದೆವು.

ಒಮ್ಮೆ ಕಲ್ಯಾಣಿ ಅಕ್ಕ ಎಮ್ಮೆಯನ್ನು ಬಯ್ಯುತ್ತಿರುವಾಗ ಯಾರೋ ಗಾಜಿಗೆ ಬಡಿದರು. ತಿರುಗಿ ನೋಡಿದರೆ ಪೊಲೀಸ್. ಸುಡುವ ಬಿಸಿಲಲ್ಲಿ, ಗಾಜು ಮುಚ್ಚಿದ ಕಾರಿನಲ್ಲಿ, ಒಬ್ಬ ಕಂಬಳಿ ಹೊದ್ದು ಕೂತಿದ್ದಾನೆ. ಇದಕ್ಕೆ ಏನು ಕಾರಣ ಕೊಡುವುದು? ಶೀನಣ್ಣ ಕಂಬಳಿ ಸರಿಸದೆ ಗಡಗಡ ನಡುಗತೊಡಗಿದರು. ನಟನೆ ಎಂದು ನಾನು ಅಂದುಕೊಂಡೆ. ನಾನು ಗಾಜಿಳಿಸಿ "ಫೀವರ್, ಫೀವರ್" ಎಂದೆ. ಪೊಲೀಸಿನವ ಇಬ್ಬರ ಐಡಿ ಕಾರ್ಡ್ ನೋಡಿ, ಕಂಬಳಿಯತ್ತ ಕನಿಕರದಿಂದ ನೋಡಿ, "ಯಲ್ಲಾ, ಹಾಸ್ಪಿಟಲ್" ಎಂದು ಕೈ ಬೀಸಿದ. ಅವನ ಗಾಡಿ ಕಣ್ಣಿಗೆ ಕಾಣದಷ್ಟು ದೂರ ಹೋದಮೇಲೂ ಶೀನಣ್ಣನ ನಡುಕ ನಿಲ್ಲಲಿಲ್ಲ. ನಟನೆಯಾಗಿರಲಿಲ್ಲ ಅದು.

ಭಾವನ ತಲೆಗೆ ಮುಂದಿನ ಹುಳ ಹೊಕ್ಕಿತು. ಹೋಟೆಲಿನಲ್ಲಿ ಟಿವಿ ಇದೆ, ಡಿವಿಡಿ ಪ್ಲೇಯರ್ ಇದೆ, ಕಾಯುವ ಜನರಿಗೆ ಕಲ್ಯಾಣಿ ಅಕ್ಕನ ಅಡುಗೆಯನ್ನು ಕಣ್ಣಿಗೇ ತೋರಿಸಿದರೆ ಹೇಗೆ? ಶೀನಣ್ಣ ಮೊದಲು ಒಪ್ಪಲಿಲ್ಲ. ಆಮೇಲೆ ಆಸೆ ಗೆದ್ದಿತು. ಮುಖ ಬೇಡ, ಕೈ ಮಾತ್ರ ಎಂದಾಯಿತು. ನಮ್ಮ ಅಡುಗೆಯವನ ಕೈಯ ಚಿತ್ರ ತೆಗೆಯೋಣವೆಂದರೆ ಅವನು ಕ್ಯಾಮೆರಾ ಕಂಡದ್ದೇ ಸೌಟು ಬಿಟ್ಟು ಹಿತ್ತಿಲ ಬಾಗಿಲಿನಿಂದ ಹೊರಗೆ ಹೋದ. ಅವನ ವೀಸಾ ಕೂಡ ಇನ್ನಾರದೋ ಎಂದು ನನಗೆ ಆಗಲೇ ಹೊಳೆದದ್ದು. ಕೊನೆಗೆ ಶೀನಣ್ಣನೇ ಕೈ ಕೊಟ್ಟರು.

ಎಷ್ಟು ಜಾಗ್ರತೆ! ಯಾರಾದರೂ ಗುರುತು ಹಿಡಿದಾರೆಂದು ಮದುವೆಯ ಉಂಗುರ ತೆಗೆದು ಕಿಸೆಗೆ ಹಾಕಿಕೊಂಡರು. ಕಂಪೆನಿಯ ಅಂಗಿ ಬದಲಾಯಿಸಿ ಭಾವನ ಅಂಗಿ ತೊಟ್ಟು ತೋಳು ಮಡಚಿದರು. ನೀರುದೋಸೆ ಹುಯ್ದು, ಮಡಚಿ, ಹರಿದು, ಮೀನು ಸಾರಿನಲ್ಲಿ ಅದ್ದಿದ ಆ ಕೈಯನ್ನು ನಾನು ಹತ್ತಿರದಿಂದ ಚಿತ್ರೀಕರಿಸಿದೆ. ಮೇಲೆ ಕಲ್ಯಾಣಿ ಅಕ್ಕನ ಮಾತು ಸೇರಿಸಿದೆವು. ದನಿ ಸರಿಯಾಯಿತೇ ಎಂದು ಮೂವರೂ ಮತ್ತೆ ಮತ್ತೆ ಹಾಕಿ ನೋಡಿದೆವು. ನಮಗೆ ಕಂಡದ್ದು ಮೀನು ಮಾತ್ರ.

ಮಣಿಕಟ್ಟು ಕಂಡಿದ್ದು ಮೊದಲು ನನಗೆ, ಒಂದು ಶುಕ್ರವಾರ ಮಧ್ಯಾಹ್ನ, ಊಟದ ಗದ್ದಲದ ನಡುವೆ. ಆ ದಿನ ಟಿವಿಯ ಕೆಳಗಿನ ಟೇಬಲಿಗೆ ಲಾರೆನ್ಸ್ ಸರ್ ಹೆಂಡತಿಯೊಂದಿಗೆ ಬಂದು ಕೂತಿದ್ದರು. ಉಡುಪಿ ಕಡೆಯವರು, ಶೀನಣ್ಣನ ಕಂಪೆನಿಯಲ್ಲಿ ಅಡ್ಮಿನ್ ಮ್ಯಾನೇಜರ್. ಯಾರ ವೀಸಾ ಇರಬೇಕು, ಯಾರದ್ದು ಹೋಗಬೇಕು ಎಂಬ ಕಾಗದಗಳೆಲ್ಲ ಅವರ ಮೇಜಿನ ಮೇಲಿಂದ ಹೋಗುವಂಥವು. ಅವರು ತುತ್ತು ಎತ್ತಿದಾಗ ಮಣಿಕಟ್ಟಿನ ಗಡಿಯಾರ ಮಿಂಚಿತು. ಅದರ ಬಿಳಿ ಮುಖದ ಮೇಲೆ ಹಸಿರು ಹಾಯಿದೋಣಿ, ಅವರ ಕಂಪೆನಿಯ ಗುರುತು. ಹತ್ತು ವರ್ಷ ದುಡಿದವರಿಗೆ ಕಂಪೆನಿ ಕೊಡುತ್ತಿದ್ದ ಗಡಿಯಾರ. ನಾನು ಸುಮ್ಮನೆ ಕಣ್ಣು ಮೇಲೆತ್ತಿದೆ. ಟಿವಿಯಲ್ಲಿ ಕಲ್ಯಾಣಿ ಅಕ್ಕನ ಕೈ ನೀರುದೋಸೆ ಹರಿಯುತ್ತಿತ್ತು. ಮಣಿಕಟ್ಟಿನಲ್ಲಿ ಅದೇ ಗಡಿಯಾರ, ಅದೇ ಹಸಿರು ದೋಣಿ.

ಶೀನಣ್ಣ ಆ ಗಡಿಯಾರವನ್ನು ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಅದು ಅವರಿಗೆ ಕೈಯ ಚರ್ಮದ ಹಾಗೆ ಆಗಿಬಿಟ್ಟಿತ್ತು. ಉಂಗುರ ನೆನಪಾದವರಿಗೆ ಅದು ನೆನಪಾಗಲಿಲ್ಲ.

ಬಂದ್ ಮಾಡೋಣವೆಂದರೆ ರಿಮೋಟ್ ಎಲ್ಲಿಟ್ಟಿದ್ದೇನೆಂದೇ ತೋಚಲಿಲ್ಲ. ಅಷ್ಟರಲ್ಲಿ ಲಾರೆನ್ಸ್ ಸರ್ ಹೆಂಡತಿ ನಗುತ್ತಾ ಟಿವಿ ತೋರಿಸಿದರು. ಸರ್ ತಲೆಯೆತ್ತಿದರು. ಎತ್ತಿದ ತುತ್ತು ಬಾಯಿಗೆ ಹೋಗಲಿಲ್ಲ. ತಟ್ಟೆಗೆ ಇಳಿಸಿದರು.

ಕೈ ತೊಳೆದು ಗಲ್ಲಾಕ್ಕೆ ಬಂದವರು, "ಇದು ಇಲ್ಲಿಯೇ ತೆಗ್ದದ್ದಾ?" ಎಂದರು.

"ಹೌದು ಸರ್."

"ಒಳ್ಳೇದುಂಟು," ಎಂದು ಹೇಳಿ ಹೋದರು. ಮೀನು ತಟ್ಟೆಯಲ್ಲಿ ಅರ್ಧ ಹಾಗೇ ಇತ್ತು.

ನಾನು ಹಿತ್ತಿಲಿಗೆ ಓಡಿ ಶೀನಣ್ಣನಿಗೆ ಫೋನ್ ಮಾಡಿದೆ. ಗಡಿಯಾರದ ವಿಷಯ ಹೇಳಿದೆ. ಅವರು ಕೇಳಿದರು, "ಬಂದ್ ಮಾಡಿದ್ಯಾ?"

"ಇಲ್ಲ. ಈಗ ಮಾಡ್ತೇನೆ."

"ಬೇಡ ಮಾರಾಯ, ಬೇಡ. ಅವರು ನೋಡಿ ಹೋದ ಮೇಲೆ ತೆಗೆದ್ರೆ ನಾವೇ ಒಪ್ಪಿಕೊಂಡ ಹಾಗೆ ಆಯ್ತಲ್ಲ. ಇರ್ಲಿ. ಏನೂ ಆಗದ ಹಾಗೆ ಇರ್ಲಿ."

ಈಗ ಯೋಚಿಸಿದರೆ ಹುಚ್ಚು ಎನಿಸುತ್ತದೆ. ಆಗ ನಮಗೆ ಅದು ಬಹಳ ಬುದ್ಧಿವಂತಿಕೆಯ ಮಾತಾಗಿ ಕಂಡಿತ್ತು. ಭಾವನೂ ತಲೆಯಾಡಿಸಿದರು. ಮುಂದಿನ ಶುಕ್ರವಾರ ಲಾರೆನ್ಸ್ ಸರ್ ಮತ್ತೆ ಬಂದರು, ಈ ಸಲ ಒಬ್ಬರೇ. ಅದೇ ಟೇಬಲು. ಟಿವಿ ನೋಡಿದರು, ನಾಲ್ಕು ತುತ್ತು ಉಂಡರು, ನನ್ನನ್ನೊಮ್ಮೆ ನೋಡಿದರು, ಹೋದರು. ಅದರ ಮುಂದಿನ ಶುಕ್ರವಾರವೂ ಬಂದರು. ತಪ್ಪದೆ ಬರತೊಡಗಿದರು. ಅವರು ಬಾಗಿಲು ದೂಡಿಕೊಂಡು ಬರುವುದು ಕಂಡರೆ ನನಗೆ ಚಿಲ್ಲರೆ ಎಣಿಸುವುದು ಮರೆಯುತ್ತಿತ್ತು. ಬಂದ್ ಮಾಡುವ ಧೈರ್ಯವೂ ಇಲ್ಲ, ಹಾಕುವ ಧೈರ್ಯವೂ ಇಲ್ಲ. ಶುಕ್ರವಾರ ಬೆಳಿಗ್ಗೆ ಡಿಸ್ಕನ್ನು ಪ್ಲೇಯರಿಗೆ ತಳ್ಳುವ ಕೆಲಸವನ್ನು ಭಾವ ನನಗೆ ಬಿಟ್ಟರು.

ಶೀನಣ್ಣ ಊಟಕ್ಕೆ ಬರುವುದು ನಿಂತಿತು. ಸಂಜೆ ಕಟ್ಟಡದ ಮೆಟ್ಟಿಲಲ್ಲಿ ಸಿಕ್ಕಿದರೆ ಬರೀ ಗಡಿಯಾರದ್ದೇ ಮಾತು. ಒಂದು ದಿನ ಬಿಚ್ಚಿಟ್ಟು ಹೋದರಂತೆ. ಬಿಚ್ಚಿಟ್ಟದ್ದು ಯಾಕೆ ಎಂದು ಕೇಳಿಯಾರೆಂಬ ಹೆದರಿಕೆಗೆ ಮರುದಿನ ಮತ್ತೆ ಕಟ್ಟಿಕೊಂಡರು. ಅದು ಕಾಣಬಾರದೆಂದು ಆ ಸೆಕೆಯಲ್ಲಿ ತುಂಬುತೋಳಿನ ಅಂಗಿ ತೊಟ್ಟು, ಗುಂಡಿ ಹಾಕಿಕೊಂಡು ಸ್ಟೋರಿನಲ್ಲಿ ನಿಲ್ಲುತ್ತಿದ್ದರು.

"ಇವತ್ತು ಲಾರೆನ್ಸ್ ಸರ್ ಸ್ಟೋರಿಗೆ ಬಂದಿದ್ರು ಹರೀಶ. ಬಾಗಿಲಲ್ಲಿ ನಿಂತ್ರು. ಎಂತದೋ ಹೇಳ್ಲಿಕ್ಕೆ ಬಾಯಿ ತೆರೆದ್ರು. ಅಷ್ಟೊತ್ತಿಗೆ ಫೋರ್‌ಮನ್ ಬಂದ, ಅವರು ಹೋದ್ರು."

"ಏನಾದ್ರೂ ಬೇರೆ ಕೆಲಸ ಇದ್ದಿರಬಹುದು."

"ಕೈ ನೋಡಿದ್ರು ಮಾರಾಯ. ನನ್ನ ಕೈ ನೋಡಿದ್ರು."

ಕಲ್ಯಾಣಿ ಅಕ್ಕ ಕೂಡ ನಿಂತುಹೋದಳು. ಕಂಬಳಿಯೊಳಗೆ ಕೂತರೂ ಅವರ ಗಂಟಲು ಬಿಡಲಿಲ್ಲ. ಡ್ರೈವರುಗಳು ಬಂದು ಹೊಸ ಸಿಡಿ ಕೇಳುತ್ತಿದ್ದರು. "ಅಕ್ಕನಿಗೆ ಎಂತ ಆಯ್ತು?" ಬಸ್ಸಿನಲ್ಲಿ ಅವಳು ತೀರಿಹೋದಳೆಂದು ಸುದ್ದಿಯೂ ಹಬ್ಬಿತು. ಒಬ್ಬ ನಿಜವಾಗಿಯೂ ಬೇಜಾರಿನಿಂದ ಕೇಳಿದ, ನಾನು ಶೀತ ಆಗಿದೆ ಎಂದು ಏನೋ ಹೇಳಿ ಕಳಿಸಿದೆ.

ಪ್ರಜ್ಞಾಳ ವರ್ಷದ ಪರೀಕ್ಷೆ ಮುಗಿದ ವಾರವೇ ಶೀನಣ್ಣ ರಾಜೀನಾಮೆ ಕೊಟ್ಟರು. ಕಂಪೆನಿಯವರೇ ಕುತ್ತಿಗೆ ಹಿಡಿದು ಹೊರಗೆ ಹಾಕಿದರೆ ವೀಸಾದ ಮೇಲೆ ಕಪ್ಪು ಚುಕ್ಕೆ ಬೀಳುತ್ತದೆ, ಹತ್ತನೇ ಕ್ಲಾಸಿನ ನಡುವೆ ಮಗಳ ಓದು ಹಾಳಾಗುತ್ತದೆ, ಅದಕ್ಕಿಂತ ತಾನಾಗಿ ಹೋಗುವುದು ಮೇಲು ಎಂದು ಅವರ ಲೆಕ್ಕ.

"ಲಾರೆನ್ಸ್ ಸರ್ ಯಾಕೆ ಅಂತ ಒಂದು ಮಾತು ಕೇಳ್ಲಿಲ್ಲ," ಎಂದರು. "ನೋಡಿದ್ರು, ಸೈನ್ ಹಾಕಿದ್ರು. ಗೊತ್ತಿಲ್ಲದಿದ್ರೆ ಕೇಳ್ತಿರ್ಲಿಲ್ವಾ?"

ಹೊರಡುವ ದಿನ ನಾನು ಅವರ ಮನೆಗೆ ಹೋದೆ. ಪೆಟ್ಟಿಗೆಗಳಿಗೆ ಹಗ್ಗ ಬಿಗಿದಾಗಿತ್ತು. ಸುಮತಿ ಅಕ್ಕ ಹಾಡು ಕಲಿಯಲು ಬರುತ್ತಿದ್ದ ಮಕ್ಕಳಿಗೆ ಅಡುಗೆಮನೆಯ ಡಬ್ಬಗಳನ್ನು ಹಂಚಿ, ಬರಿಗೈಯಲ್ಲಿ ಕಿಟಕಿಯ ಹತ್ತಿರ ನಿಂತಿದ್ದರು. ಪ್ರಜ್ಞಾ ನನ್ನನ್ನು ಬಾಗಿಲ ಹೊರಗೆ ಕರೆದು ಕೇಳಿದಳು, "ಅಂಕಲ್, ನಾವು ಯಾಕೆ ಹೋಗುದು? ಪಪ್ಪ ಏನೂ ಹೇಳುದಿಲ್ಲ. ನನ್ನ ಫ್ರೆಂಡ್ಸ್ ಎಲ್ಲ ಇಲ್ಲೇ ಇದ್ದಾರೆ." ಶೀನಣ್ಣ ನನ್ನ ಕೈ ಹಿಡಿದು ಬಹಳ ಹೊತ್ತು ನಿಂತರು. ಮಣಿಕಟ್ಟು ಬರಿದಾಗಿತ್ತು, ಗಡಿಯಾರ ಇದ್ದಲ್ಲಿ ಚರ್ಮ ಬಿಳಿಚಿಕೊಂಡಿತ್ತು. ಟ್ಯಾಕ್ಸಿ ಬಂತು. ಅದೇ ನಾನು ಅವರನ್ನು ಕಣ್ಣಾರೆ ಕಂಡದ್ದು ಕೊನೆ.

ಆ ಶುಕ್ರವಾರ ನಾನು ಡಿಸ್ಕ್ ಹಾಕಲಿಲ್ಲ. ಹೋದವರು ಹೋದರು, ಇನ್ನು ಒಪ್ಪಿಕೊಂಡರೇನು ಬಿಟ್ಟರೇನು. ಲಾರೆನ್ಸ್ ಸರ್ ಬಂದರು. ಟಿವಿಯಲ್ಲಿ ಕ್ರಿಕೆಟ್ ಇತ್ತು. ಅವರು ಅದನ್ನು ನೋಡಿ ನಿಟ್ಟುಸಿರು ಬಿಟ್ಟು ಕೂತರು. ಎಷ್ಟೋ ವಾರಗಳ ನಂತರ ಮೊದಲ ಸಲ ಇಡೀ ಊಟ ಮಾಡಿದರು, ಸಾರು ಎರಡು ಸಲ ಹಾಕಿಸಿಕೊಂಡರು. ಜನ ಕರಗಿದ ಮೇಲೆ ಗಲ್ಲಾಕ್ಕೆ ಬಂದು ಸ್ವರ ತಗ್ಗಿಸಿದರು.

"ಅಂತೂ ತೆಗೆದ್ರಲ್ಲ. ನಾನು ಪ್ರತಿ ವಾರ ಬರ್ತಾ ಇದ್ದದ್ದು ಅದನ್ನು ತೆಗೆದಿದ್ದೀರಾ ಅಂತ ನೋಡ್ಲಿಕ್ಕೆ. ನನ್ನ ಜೀವ ಹೋಗಿ ಬಂತು ಮಾರಾಯ್ರೆ. ಕಂಪೆನಿಯ ಬೇರೆ ಯಾರಾದ್ರೂ ಊಟಕ್ಕೆ ಬಂದು ಆ ವಾಚು ನೋಡಿದ್ರೆ?"

"ನಿಮಗೆ ಗೊತ್ತಿತ್ತಾ ಸರ್?"

"ಮೊದಲ ದಿನವೇ. ಆ ವಾಚು ಇದ್ದವರಲ್ಲಿ ನಿಮ್ಮ ಹೋಟೆಲಿನ ಹಿಂದೆ ಇರುದು ಶೀನ ಒಬ್ಬನೇ ಅಲ್ವಾ. ಹೇಳುವಾ ಅಂತ ಸ್ಟೋರಿನ ತನಕ ಹೋದೆ. ಆದ್ರೆ ಬಾಯಿ ಬಿಟ್ಟು ಹೇಳಿದ್ರೆ ನನಗೆ ಗೊತ್ತುಂಟು ಅಂತ ಆಯ್ತಲ್ಲ. ಅಡ್ಮಿನ್ ಮ್ಯಾನೇಜರಿಗೆ ಗೊತ್ತಿದ್ದೂ ಸುಮ್ಮನೆ ಕೂತ ಅಂತ ನಾಳೆ ಹೊರಗೆ ಬಂದ್ರೆ ಮೊದಲು ನನ್ನನ್ನು ಕಳಿಸ್ತಾರೆ. ನನಗೂ ಇಬ್ರು ಮಕ್ಕಳಿದ್ದಾರೆ. ನೀವಾಗಿ ತೆಗೀತೀರಿ, ತೆಗೀತೀರಿ ಅಂತ ಕಾದೆ. ನೀವು ತೆಗೆಯುದೇ ಇಲ್ಲ!" ಅವರು ಬಾಗಿಲ ಕಡೆ ಒಮ್ಮೆ ನೋಡಿದರು. "ಶೀನ ರಿಸೈನ್ ಕೊಟ್ಟಾಗ ಊರಲ್ಲಿ ಎಂತದೋ ಒಳ್ಳೇದಾಗಿರ್ಬೇಕು ಅಂತ ಅಂದುಕೊಂಡೆ. ಕೇಳುವಾ ಅಂದ್ರೆ ರೂಮಿನಲ್ಲಿ ಇನ್ನೊಬ್ರಿದ್ರು. ನನ್ನ ಹೆಂಡ್ತಿಗೆ ಕಲ್ಯಾಣಿ ಅಕ್ಕ ಅಂದ್ರೆ ಪ್ರಾಣ. ಹೊಸದು ಯಾವಾಗ ಬರ್ತದೆ ಅಂತ ಈಗಲೂ ಕೇಳ್ತಾಳೆ."

ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಎದುರಿಗೆ ನಿಂತು ಪಿಸುಗುಟ್ಟುತ್ತಿದ್ದ ಆ ಮನುಷ್ಯನ ಮುಖದಲ್ಲಿ ಶೀನಣ್ಣನ ಹೆದರಿಕೆಯೇ ಇತ್ತು. ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡು ಒಂದು ಸಂಸಾರ ಗಂಟುಮೂಟೆ ಕಟ್ಟಿತ್ತು.

ಸಂಜೆಗೇ ಊರಿಗೆ ಫೋನ್ ಮಾಡಿದೆ. ಶೀನಣ್ಣನೇ ಎತ್ತಿದರು. "ಹಲೋ" ಎಂದರು, ಪಿಸುದನಿಯಲ್ಲಿ. ಅಲ್ಲಿ ಯಾವ ಕಂಪೆನಿ, ಯಾವ ವೀಸಾ? ಸ್ವಂತ ಊರು, ಸ್ವಂತ ಮನೆ. ಆದರೂ ಅದೇ ದನಿ. ನಾನು ಲಾರೆನ್ಸ್ ಸರ್ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅವರ ಹೆಂಡತಿ ಹೊಸ ಸಿಡಿಗೆ ಕಾಯುತ್ತಿರುವುದನ್ನೂ ಹೇಳಿದೆ. ಶೀನಣ್ಣ ನಗುತ್ತಾರೆ, ಇಲ್ಲವೇ ಅಳುತ್ತಾರೆ ಎಂದುಕೊಂಡಿದ್ದೆ. ಅವರ ಮನೆಯ ಮುಂದಿನ ರಸ್ತೆಯಲ್ಲಿ ಮೈಕ್ ಕಟ್ಟಿದ ಒಂದು ಗಾಡಿ ಏನನ್ನೋ ಕೂಗುತ್ತಾ ಹೋದದ್ದು ಫೋನಿನಲ್ಲಿ ಕೇಳಿಸಿತು. ಅದು ದೂರವಾಗುವ ತನಕ ಅವರು ಕಾದರು.

"ಹರೀಶ, ಇದನ್ನು ಹೇಳು ಅಂತ ಅವರೇ ನಿನಗೆ ಹೇಳಿಕೊಟ್ಟದ್ದಾ?"

"ಅಯ್ಯೋ ಇಲ್ಲ ಶೀನಣ್ಣ. ನಾನಾಗಿ ಮಾಡಿದ್ದು. ದೇವರಾಣೆ."

"ಪಕ್ಕದಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ."

ಆ ಕಡೆ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

"ಆ ಗಡಿಯಾರ ನಂದಲ್ಲ ಅಂತ ಹೇಳು ಅವರಿಗೆ," ಎಂದು ಪಿಸುಗುಟ್ಟಿ ಶೀನಣ್ಣ ಫೋನ್ ಇಟ್ಟರು. ಆಮೇಲೆ ನಾನು ಎಷ್ಟು ಸಲ ಮಾಡಿದರೂ ಅವರು ಎತ್ತಲಿಲ್ಲ.